ಅಕ್ಷರ ಕಲಿಸುವವರಿಗೆ ಕಲಿಸಿದವರು ಯಾರು?



ಜುಲೈ 26 ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬ. ಅನ್ನಮ್ಮನವರ ಸ್ವರೂಪವನ್ನು ಒಮ್ಮೆ ಗಮನಿಸಿ ನೋಡಿ. ಪಕ್ಕದಲ್ಲಿ ಬಾಲೆ ಮರಿಯ, ತಾಯಿಯ ಕೈಯಲ್ಲಿ ತೆರೆದ ಪುಸ್ತಕ. ಶುಭಸಂದೇಶದಲ್ಲಿ ಈ ದೃಶ್ಯವಿಲ್ಲ, ಅನ್ನಮ್ಮನವರ ಹೆಸರೂ ಇಲ್ಲ. ಆದರೂ ಶತಮಾನಗಳಿಂದ ಧರ್ಮಸಭೆಯ ಕಲಾವಿದರು ಅವರನ್ನು ಹೀಗೆ ಚಿತ್ರಿಸುತ್ತ ಬಂದಿದ್ದಾರೆ. ಮಗುವಿಗೆ ಮೊದಲ ಅಕ್ಷರ ತೋರಿಸುವುದು ಪವಿತ್ರ ಕಾಯಕವೆಂದು ವಿಶ್ವಾಸಿಗಳು ಎಣಿಸಿದ್ದರು. ಆ ಕಾಯಕಕ್ಕೆ ಜನರನ್ನು ಸಿದ್ಧಪಡಿಸುವ ವಿಷಯದಲ್ಲಿ ನಮ್ಮ ಹಾಸನ ಸೀಮೆಯ ಚರಿತ್ರೆ ಏನು ಹೇಳುತ್ತದೆ?

ಕಥೆ ಸಾತಳ್ಳಿಯಿಂದ ಶುರುವಾಗಬೇಕು. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ, ನಮ್ಮ ಹಿರಿಯರ ಬಾಯಲ್ಲಿ ದೊಡ್ಡಸ್ವಾಮಿಯವರು, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರು. ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿ ಹಾಸನದ ಬಳಿ ಸಾತಳ್ಳಿಯಲ್ಲಿ ಬೇಸಾಯಕ್ಕೆ ನೆಲೆಗೊಳಿಸಿದರು. ಸಿಡುಬಿಗೆ ಲಸಿಕೆ ಹಾಕಿಸಿದರು. ಹೊಲವಾಯಿತು, ಆರೋಗ್ಯವಾಯಿತು. ಮಕ್ಕಳ ಪಾಠ? ಗುರುಗಳು ಯಾವಾಗಲೋ ಒಮ್ಮೆ ಬರುತ್ತಿದ್ದ ಆ ಕಾಲದ ಹಳ್ಳಿಗಳಲ್ಲಿ ಅದು ಉಪದೇಶಿಯ ಪಾಲಿನದು. ಆತ ಮಕ್ಕಳನ್ನು ಕೂರಿಸಿಕೊಂಡು ಜಪಗಳನ್ನು ಬಾಯಿಪಾಠ ಮಾಡಿಸುತ್ತಿದ್ದ. ಭಕ್ತಿ ಇತ್ತು, ಪಾಠ ಹೇಳುವ ವಿದ್ಯೆಯನ್ನು ಆತನಿಗೆ ಯಾರೂ ಕಲಿಸಿರಲಿಲ್ಲ.

ಊರಿನ ಕೂಲಿಮಠದಲ್ಲೂ ಅಷ್ಟೇ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ, ದೊಡ್ಡ ಹುಡುಗ ಚಿಕ್ಕವನಿಗೆ ಹೇಳಿಕೊಡುವುದು. ಇದನ್ನು ಹಗುರವಾಗಿ ಕಾಣಬೇಡಿ. ಮದರಾಸಿನಲ್ಲಿ ಇದನ್ನು ಕಂಡ ಆಂಡ್ರ್ಯೂ ಬೆಲ್ ತಮ್ಮ ಅನಾಥಶಾಲೆಯಲ್ಲಿ ಅಳವಡಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದರು. ನಮ್ಮ ಜಗಲಿಯ ಪದ್ಧತಿ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹೋಯಿತು!

ಆದರೆ ಆ ಜಗಲಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಓದು ಕಲಿಯುವ ಹೆಂಗಸರೆಂದರೆ ದೇವಾಲಯದ ನರ್ತಕಿಯರು ಮಾತ್ರ, ಮರ್ಯಾದಸ್ಥರ ಮನೆಗಳಿಗೆ ಅದು ಹೇಸಿಗೆಯ ವಿಷಯ ಎಂದು ದೊಡ್ಡಸ್ವಾಮಿಯವರೇ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ದಾಖಲಿಸಿದ್ದಾರೆ. ಅವರು 1823ರಲ್ಲಿ ಸ್ವದೇಶಕ್ಕೆ ಮರಳಿದರು. ಇಪ್ಪತ್ತೊಂದು ವರ್ಷಗಳ ನಂತರ, 1844ರ ಜನವರಿಯಲ್ಲಿ, ಧರ್ಮಾಧ್ಯಕ್ಷ ಬೊನ್ನಾ ಅವರು ಪಾಂಡಿಚೇರಿಯಲ್ಲಿ ಗುರುಗಳ ಸಭೆ ಕರೆದರು. ಮೈಸೂರು ಸೀಮೆಯೂ ಆಗ ಅವರ ಆಡಳಿತದಲ್ಲೇ ಇತ್ತು. ದೇಶೀಯ ಗುರುಗಳ ತರಬೇತಿ, ಶಾಲೆಗಳು, ಹೆಣ್ಣುಮಕ್ಕಳ ವಿದ್ಯೆ ಅಲ್ಲಿ ಚರ್ಚೆಗೆ ಬಂದವು. ಅದೇ ವರ್ಷ ಫಾದರ್ ದ್ಯುಪುಯಿ ಅವರು ಸ್ಥಳೀಯ ಹೆಣ್ಣುಮಕ್ಕಳನ್ನೇ ಸೇರಿಸಿ, ಬಾಲಕಿಯರಿಗೆ ಕಲಿಸುವುದಕ್ಕೆಂದು ಮರಿಯಮ್ಮನವರ ನಿಷ್ಕಳಂಕ ಹೃದಯದ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದರು. ಕಟ್ಟಡಕ್ಕಿಂತ ಮೊದಲು ಕಲಿಸುವವಳು ಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. ನನ್ನ ದೃಷ್ಟಿಯಲ್ಲಿ ನಮ್ಮ ದಕ್ಷಿಣದ ಧರ್ಮಸಭೆಯ ಶಿಕ್ಷಣ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಹೆಜ್ಜೆ ಇಲ್ಲ.

ಈ ಯೋಚನೆಗೆ ಫ್ರಾನ್ಸಿನಲ್ಲಿ ಹಳೆಯ ಬೇರಿತ್ತು. ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರು 1680ರ ದಶಕದಲ್ಲೇ ರೀಮ್ಸ್ ನಗರದಲ್ಲಿ ಹಳ್ಳಿಯ ಮೇಷ್ಟರುಗಳಿಗಾಗಿ ತರಬೇತಿ ಶಾಲೆ ತೆರೆದಿದ್ದರು. ಮಕ್ಕಳಿಗೆ ಲತೀನಿನ ಬದಲು ಮಾತೃಭಾಷೆಯಲ್ಲಿ ಓದು ಆರಂಭಿಸಿದವರೂ ಅವರೇ. 1950ರಲ್ಲಿ ಪೋಪ್ ಹನ್ನೆರಡನೇ ಪಯಸ್ ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಘೋಷಿಸಿದರು.

ಮುಂದಿನದು ಬೇಗ ನಡೆಯಿತು. 1854ರಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಬೆಂಗಳೂರಿಗೆ, 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಕನ್ಯಾಸ್ತ್ರೀಯರು ಮಂಗಳೂರಿಗೆ ಬಂದರು. ಕಾರ್ಮೆಲ್‌ನ ಮದರ್ ವೆರೋನಿಕಾ ಇಲ್ಲಿನ ಶಾಲೆಗಳಿಗೆಂದೇ ಫ್ರಾನ್ಸಿನ ಬಯೋನ್‌ನಲ್ಲಿ ಭಗಿನಿಯರನ್ನು ತಯಾರು ಮಾಡಿ ಕಳುಹಿಸಿದ್ದರು. 1876-78ರ ಧಾತು ಕ್ಷಾಮ ಅನೇಕ ಮಕ್ಕಳನ್ನು ತಬ್ಬಲಿ ಮಾಡಿದಾಗ ನಮ್ಮ ಗುರುಗಳು ನೆಲಮಂಗಲದ ಕಡೆ ಶಿಲುವೆಪುರದಂಥ ಊರು ಕಟ್ಟಿದರು. ಹಾಸನದಲ್ಲಿ ವೆಸ್ಲಿಯನ್ ಸಹೋದರರು ಹೆಣ್ಣುಮಕ್ಕಳ ಅನಾಥಾಲಯ ನಡೆಸಿದರು.

ಸರ್ಕಾರವೂ ಸುಮ್ಮನಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಅದರ ರೂವಾರಿ ಬಿ.ಎಲ್. ರೈಸ್, ನಮ್ಮ ಶಾಸನಗಳ ರೈಸ್. ಊರಿನವನನ್ನೇ ಆರಿಸು, ನಾರ್ಮಲ್ ಶಾಲೆಯಲ್ಲಿ ತರಬೇತಿ ಕೊಡು, ಅವನ ಊರಿಗೇ ಮರಳಿ ಕಳುಹಿಸು. ಎಂಥ ಸರಳ ಉಪಾಯ!

ಹೇಮಾವತಿಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ದೇವಾಲಯದ ಮುಂದೆ ಫೋಟೊ ತೆಗೆಸಿಕೊಳ್ಳುವವರು ಬಹಳ. ಅಲ್ಲಿನ ಮಕ್ಕಳಿಗೆ ಓನಾಮ ತಿದ್ದಿಸಿದವರು ಯಾರು ಎಂದು ಕೇಳುವವರಿಲ್ಲ.

ಶಾಲೆಯ ಯಶಸ್ಸು ಬಹುಮಟ್ಟಿಗೆ ಶಿಕ್ಷಕರನ್ನೇ ಅವಲಂಬಿಸಿದೆ, ಅವರನ್ನು ಜೋಪಾನವಾಗಿ ಸಿದ್ಧಪಡಿಸಿ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರ ಘೋಷಣೆಯಲ್ಲಿ ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ. ಎಲ್‌ಕೆಜಿ, ಯುಕೆಜಿಯ ಕಂದಮ್ಮಗಳು ಅದರ ಹೊರಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8ರವರೆಗಿನ ವಯಸ್ಸನ್ನು ಒಂದೇ ಬುನಾದಿಯ ಹಂತವೆಂದಿತು. ನಾವೋ, ಹತ್ತನೇ ತರಗತಿಗೆ ಒಳ್ಳೆಯ ಮೇಷ್ಟರನ್ನು ಹುಡುಕುತ್ತೇವೆ, ಯುಕೆಜಿಗೆ "ಯಾರಾದರೂ ಆದೀತು" ಎನ್ನುತ್ತೇವೆ.

ಮನೆಗಳ ಆಶೀರ್ವಾದಕ್ಕೆ ಹೋದಾಗ ಮಕ್ಕಳನ್ನು ಕೇಳುತ್ತೇನೆ. ನರ್ಸಿಂಗ್ ಎನ್ನುತ್ತಾರೆ, ಕಂಪ್ಯೂಟರ್ ಎನ್ನುತ್ತಾರೆ. ಚಿಕ್ಕಮಕ್ಕಳ ಟೀಚರ್ ಆಗುತ್ತೇನೆ ಎಂದವರು ಅಪರೂಪ. ಎಂದರೂ ಪಕ್ಕದಲ್ಲಿದ್ದ ತಾಯಿ ಸಂಬಳದ ಮಾತೆತ್ತುತ್ತಾರೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳು ಮೊದಲು ಆ ಸಂಬಳದ ಬಗ್ಗೆ ಕೂತು ಮಾತಾಡಬೇಕು.

ಡಿ.ಇಎಲ್.ಇಡಿ. ಎರಡು ವರ್ಷದ ಕೋರ್ಸು, ಪಿಯುಸಿ ಆದವರಿಗೆ. ಹೊಳೆನರಸೀಪುರದಿಂದ ಒಬ್ಬಳು, ಅರಕಲಗೂಡಿನಿಂದ ಒಬ್ಬ, ಚನ್ನರಾಯಪಟ್ಟಣದಿಂದ ಒಬ್ಬಳು ಸಾಕು. ಈ ವರ್ಷದ ಹಬ್ಬದ ಲೈಟಿಂಗ್ ಮತ್ತು ಬ್ಯಾಂಡ್‌ಸೆಟ್ಟಿನ ಲೆಕ್ಕದಲ್ಲಿ ಅವರ ಹಾಸ್ಟೆಲ್ ಶುಲ್ಕಕ್ಕೆ ಎಷ್ಟು ತೆಗೆದಿಡಬಹುದು ಎಂಬುದನ್ನು ಮುಂದಿನ ಸಭೆಯಲ್ಲಿ ಕೇಳಿ ನೋಡಿ.