ಅಂಜಿಕೆಗೆ ಆಟದ ಮದ್ದು

ನಮ್ಮ ಕಟಕೋಳದ ಕಡೆ ಯಾರಾದರೂ ತುಸು ವಿಚಿತ್ರವಾಗಿ ನಡೆದುಕೊಂಡರೆ ‘ಇವನನ್ನ ಧಾರವಾಡಕ್ಕ ಕಳಸಬೇಕು ನೋಡ್ರಿ’ ಎನ್ನುವ ಮಾತಿದೆ. ಇಲ್ಲಿ ಧಾರವಾಡವೆಂದರೆ ವಿಶ್ವವಿದ್ಯಾಲಯವಲ್ಲ, ಪೇಡೆಯೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಶುರುವಾಗಿ ಈಗ ಡಿಮ್ಹಾನ್ಸ್ ಎನಿಸಿಕೊಂಡಿರುವ ಮಾನಸಿಕ ಆಸ್ಪತ್ರೆ. ಈ ಒಂದು ಮಾತಿಗೆ ಹೆದರಿ ತಮ್ಮ ಅಂಜಿಕೆಯನ್ನು ಒಳಗೇ ಇಟ್ಟುಕೊಂಡವರಿದ್ದಾರೆ. ಮಾಳಿಗೆಯ ಅಂಚಿಗೆ ಬಂದರೆ ಕಾಲು ನಡುಗುವವರು, ಜೇಡ ಕಂಡರೆ ಬೆವರುವವರು, ಬಾಗಿಲು ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟುವವರು. ಇವರಾರೂ ಹುಚ್ಚರಲ್ಲ. ವೈದ್ಯರು ಇದನ್ನು ಫೋಬಿಯಾ ಎನ್ನುತ್ತಾರೆ. ವಾಸಿಯಾಗುವಂಥದ್ದು ಎಂದೂ ಹೇಳುತ್ತಾರೆ.

ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಟವಾಡಿದರೆ ಈ ಅಂಜಿಕೆ ತಗ್ಗುತ್ತದೆ ಎಂದರೆ ಊರಲ್ಲಿ ನಗುತ್ತಾರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇದರ ಹಿಂದಿನ ದಾರಿ ಹುಡುಕುವ ಆಸೆಯಾಯಿತು. ಹುಡುಕಿದಾಗ ಕಂಡದ್ದು ಇಷ್ಟು: ಯಂತ್ರ ಹೊಸದು, ಉಪಾಯ ಹಳೆಯದು.

1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಒಂದು ಲೇಖನ ಪ್ರಕಟಿಸಿದರು. ಮೂರು ವರ್ಷವೂ ತುಂಬದ ಪೀಟರ್ ಎಂಬ ಹುಡುಗನಿಗೆ ಮೊಲವೆಂದರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. 1958ರಲ್ಲಿ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ ತಮ್ಮ ಪುಸ್ತಕದಲ್ಲಿ ಇದೇ ಬಗೆಯ ಚಿಕಿತ್ಸೆಗೆ ಒಂದು ಕ್ರಮ ಕೊಟ್ಟರು. ಅಂಜಿಕೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲಿನಂತೆ ಜೋಡಿಸುವುದು, ಮೈ ಸಡಿಲಬಿಟ್ಟು ಕೂತು ಒಂದೊಂದನ್ನೇ ಮನಸ್ಸಿನಲ್ಲಿ ಊಹಿಸಿಕೊಳ್ಳುವುದು.

ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವ ರೀತಿ ನೆನಪಿಸಿಕೊಳ್ಳಿ. ಮೊದಲು ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಡುವುದು. ಆಮೇಲೆ ಸೊಂಟಕ್ಕೆ ಹಗ್ಗ, ಬೆನ್ನಿಗೆ ಬೆಂಡು ಇಲ್ಲವೇ ಖಾಲಿ ಡಬ್ಬಿ. ಹಗ್ಗದ ತುದಿ ಕಾಕಾನ ಕೈಯಲ್ಲಿ. ಒಂದು ದಿನ ಬೆಂಡು ಬಿಚ್ಚುತ್ತಾರೆ, ಮತ್ತೊಂದು ದಿನ ಹಗ್ಗ. ವೋಲ್ಪೆಯ ಮೆಟ್ಟಿಲುಗಳನ್ನು ನಮ್ಮ ಹಿರಿಯರು ಬಾವಿಯಲ್ಲೇ ಕಟ್ಟಿದ್ದರು. ಒಮ್ಮೆಲೇ ನೀರಿಗೆ ನೂಕಿಸಿಕೊಂಡವರು ಜನ್ಮವಿಡೀ ಬಾವಿಯ ಹತ್ತಿರ ಸುಳಿಯದಿರುವುದೂ ಉಂಟು.

ಆದರೆ ಎಲ್ಲರಿಗೂ ಭಯವನ್ನು ಊಹಿಸಿಕೊಳ್ಳಲು ಬರುವುದಿಲ್ಲ. ಅಂಥವರನ್ನು ನಿಜವಾದ ಎತ್ತರಕ್ಕೆ ಹತ್ತಿಸುವುದೂ ಸುಲಭವಲ್ಲ. ಈ ನಡುವಿನ ಜಾಗಕ್ಕೆ ಬಂದದ್ದೇ ವರ್ಚುವಲ್ ರಿಯಾಲಿಟಿ. 1995ರಲ್ಲಿ ಬಾರ್ಬರಾ ರಾತ್‌ಬಾಮ್, ಲ್ಯಾರಿ ಹಾಡ್ಜಸ್ ಮತ್ತು ಸಂಗಡಿಗರು ಎತ್ತರದ ಭಯವಿದ್ದ 20 ಕಾಲೇಜು ವಿದ್ಯಾರ್ಥಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಗಾಜಿನ ಲಿಫ್ಟು, ಕಾಲುಸೇತುವೆ, ಬಾಲ್ಕನಿ, ಎಲ್ಲವೂ ಕಂಪ್ಯೂಟರಿನಲ್ಲಿ ಬರೆದವು. ಚಿತ್ರಗಳು ಒರಟಾಗಿದ್ದವು, ಆದರೂ ಚಿಕಿತ್ಸೆ ಪಡೆದವರ ಭಯ ಇಳಿಯಿತು. ಸುಳ್ಳೆಂದು ತಲೆಗೆ ಗೊತ್ತಿದ್ದರೂ ಮೈ ಅದನ್ನು ನಿಜವೆಂದೇ ನಂಬುತ್ತದೆ.

ಆಗ ಆ ಯಂತ್ರಗಳು ದುಬಾರಿ. ಹಾದಿ ತೆರೆದದ್ದು ಹುಡುಗರು ಆಡುವ ಅಗ್ಗದ ಆಟಗಳು. ಕೆನಡಾದ ಸ್ಟೆಫಾನ್ ಬುಶಾರ್ ತಂಡದವರು ‘ಹಾಫ್-ಲೈಫ್’ ಎಂಬ ಗುಂಡು ಹಾರಿಸುವ ಆಟವನ್ನು ತಿದ್ದಿ, ಜೇಡದ ಭಯಕ್ಕೆ ಚಿಕಿತ್ಸೆಯಾಗಿ ಬಳಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. 2018ರಲ್ಲಿ ಆಕ್ಸ್‌ಫರ್ಡ್‌ನ ಡೇನಿಯಲ್ ಫ್ರೀಮನ್ ತಂಡ ಇನ್ನೂ ಮುಂದೆ ಹೋಯಿತು. ಎತ್ತರಕ್ಕೆ ಹೆದರುವ 100 ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೆಡ್‌ಸೆಟ್ ಕೊಟ್ಟರು. ಕಾಲ್ಪನಿಕ ಕಟ್ಟಡದೊಳಗೆ ಮರದ ಮೇಲೆ ಸಿಕ್ಕಿಬಿದ್ದ ಬೆಕ್ಕನ್ನು ಇಳಿಸಿ ತರುವುದು, ಅಂಚಿನಲ್ಲಿ ನಿಂತು ವಾದ್ಯ ನುಡಿಸುವುದು ಇಂಥ ಆಟಗಳು. ಅವರ ಭಯ ಸರಾಸರಿ ಶೇ. 68ರಷ್ಟು ತಗ್ಗಿತು. ಮುಖ್ಯವಾದ ಮಾತೆಂದರೆ, ಅಲ್ಲಿ ಚಿಕಿತ್ಸೆಯನ್ನು ನಡೆಸಿದ್ದು ಮನುಷ್ಯ ಚಿಕಿತ್ಸಕನಲ್ಲ, ಕಂಪ್ಯೂಟರಿನೊಳಗಿನ ಮಾರ್ಗದರ್ಶಿ.

ಚಿಕಿತ್ಸಕರು ಸಿಗದ ಊರುಗಳಿಗೆ ಇದು ಸಣ್ಣ ಸುದ್ದಿಯಲ್ಲ. ಕರ್ನಾಟಕಕ್ಕೆ ಈ ಚಿಂತೆ ಹೊಸದೂ ಅಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ತಂದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ತಜ್ಞನಿದ್ದಲ್ಲಿಗೆ ರೋಗಿಯನ್ನು ಕರೆಸುವ ಬದಲು, ತಜ್ಞನ ವಿದ್ಯೆಯನ್ನು ರೋಗಿಯ ಊರಿಗೆ ಕಳಿಸಬೇಕು ಎಂಬುದು ಅದರ ತಿರುಳು. ಹೆಡ್‌ಸೆಟ್ಟನ್ನು ನಾನು ಈ ಸಾಲಿನಲ್ಲೇ ಇಟ್ಟು ನೋಡುತ್ತೇನೆ.

ಎರಡು ಎಚ್ಚರ ಬೇಕು. ಮೊದಲನೆಯದು, ಮೊಬೈಲಿನಲ್ಲಿ ಸಿಗುವ ಯಾವುದೋ ಭೂತದ ಆಟವನ್ನು ಒಬ್ಬರೇ ಆಡುವುದು ಚಿಕಿತ್ಸೆಯಲ್ಲ. ಅದು ಒಮ್ಮೆಲೇ ಬಾವಿಗೆ ನೂಕುವುದು. ಮೆಟ್ಟಿಲು ಬೇಕು, ಬೇಡವೆನಿಸಿದಾಗ ನಿಲ್ಲಿಸುವ ಹಕ್ಕು ಅಂಜುವವರ ಕೈಯಲ್ಲಿರಬೇಕು. ಎರಡನೆಯದು ಭಾಷೆ. ಮಾರ್ಗದರ್ಶಿಯ ದನಿ ಇಂಗ್ಲಿಷಿನದಾದರೆ, ‘ಎದಿ ಡವಡವ ಅಂತೈತಿ’ ಎನ್ನುವ ನಮ್ಮ ಹೆಣ್ಣುಮಗಳಿಗೆ ಅದು ಯಾವ ಧೈರ್ಯ ಹೇಳೀತು? ಆಟದೊಳಗಿನ ಊರೂ ನಮ್ಮದಾಗಬೇಕು. ಗಾಜಿನ ಲಿಫ್ಟಿನ ಬದಲು ಹಾಳುಬಾವಿಯ ದಂಡೆ, ಹಾಯಲು ಬರುವ ಹೋರಿ, ಗದ್ದಲದ ಜಾತ್ರೆ, ಕಾಲಿಡಲು ಜಾಗವಿಲ್ಲದ ಬಸ್ಸು. ಇವನ್ನು ಬರೆದುಕೊಡಬೇಕಾದವರು ಎಂಜಿನಿಯರುಗಳಷ್ಟೇ ಅಲ್ಲ, ಕನ್ನಡದ ಕತೆಗಾರರು ಕೂಡ.

ಅಷ್ಟರ ತನಕ, ಮೊದಲ ಮೆಟ್ಟಿಲಿಗೆ ಯಂತ್ರ ಬೇಕಿಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ‘ನನಗ ಅಂಜಿಕಿ ಆಗ್ತೈತ್ರಿ’ ಎಂದು ಯಾರಾದರೂ ಹೇಳಿದಾಗ, ಧಾರವಾಡದ ಮಾತೆತ್ತಿ ನಗದೆ ಕೇಳಿಸಿಕೊಳ್ಳುವುದು ನಮ್ಮ ಪಾಲಿನ ಕೆಲಸ.