ಆನ್‌ಲೈನ್ ಮೊದಲೋ, ಮನೆ ಮೊದಲೋ? ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಮಿಶ್ರ ವಿಧಾನದ ಸಮೀಕ್ಷೆ

ಒಂದೇ ಸಮೀಕ್ಷೆಗೆ ಆನ್‌ಲೈನ್, ಫೋನ್, ಅಂಚೆ, ಮುಖಾಮುಖಿ ವಿಧಾನಗಳನ್ನು ಬೆರೆಸಬಹುದು ಎಂಬುದರ ಬಗ್ಗೆ ಈಗ ವಿದ್ವಾಂಸರಲ್ಲಿ ತಕರಾರಿಲ್ಲ. ಡಾನ್ ಡಿಲ್ಮನ್ 1978ರಲ್ಲಿ ಅಂಚೆ ಮತ್ತು ಫೋನ್ ಸಮೀಕ್ಷೆಗೆ ಒಂದು ಪದ್ಧತಿ ಹಾಕಿಕೊಟ್ಟರು. 2005ರಲ್ಲಿ ಎಡಿತ್ ಡಿ ಲೀವ್ ಮಿಶ್ರ ವಿಧಾನಗಳ ವಿಸ್ತಾರವಾದ ಪರಾಮರ್ಶೆ ಪ್ರಕಟಿಸಿದರು. ಅಗ್ಗದ ವಿಧಾನದಿಂದ ಶುರುಮಾಡಿ, ಉತ್ತರ ಕೊಡದವರಿಗಾಗಿ ದುಬಾರಿ ವಿಧಾನಕ್ಕೆ ಹೋಗುವ ಕ್ರಮ ಇಂದು ಬಹಳ ಕಡೆ ರೂಢಿಯಲ್ಲಿದೆ. ಅಮೆರಿಕದ ಅಮೆರಿಕನ್ ಕಮ್ಯುನಿಟಿ ಸರ್ವೆ 2013ರಿಂದ ಆನ್‌ಲೈನ್ ಉತ್ತರ ಪಡೆಯುತ್ತಿದೆ. 2017ರಲ್ಲಿ ಫೋನ್ ಹಂತವನ್ನು ಕೈಬಿಟ್ಟಿತು. ಆನ್‌ಲೈನಿನಲ್ಲೂ ಅಂಚೆಯಲ್ಲೂ ಉತ್ತರಿಸದ ಮನೆಗಳ ಪೈಕಿ ಕೆಲವನ್ನು ಆರಿಸಿ ಅಲ್ಲಿಗೆ ಮಾತ್ರ ಜನರನ್ನು ಕಳಿಸುತ್ತದೆ. ನಮ್ಮ 2027ರ ಜನಗಣತಿಯೂ ಸ್ವಯಂ ಗಣತಿಯನ್ನು ಮೊದಲಿಟ್ಟು ಗಣತಿದಾರರ ಭೇಟಿಯನ್ನು ಆಮೇಲಿಟ್ಟಿದೆ.

ನನ್ನ ತಕರಾರು ಈ ಕ್ರಮದ ಕೆಳಗಿರುವ ಒಂದು ಗ್ರಹಿಕೆಯ ಬಗ್ಗೆ. ಡಿ ಲೀವ್ ಅವರೂ ಅವರ ನಂತರದವರೂ ವಿಧಾನಗಳನ್ನು ಮುಖ್ಯವಾಗಿ ಎರಡಾಗಿ ವಿಂಗಡಿಸುತ್ತಾರೆ: ಸಮೀಕ್ಷಕ ಕೇಳಿ ಬರೆದುಕೊಳ್ಳುವುದು, ಉತ್ತರಿಸುವವರು ತಾವೇ ತುಂಬುವುದು. ಅಂಚೆ, ಆನ್‌ಲೈನ್ ಎರಡನೆಯ ಗುಂಪಿನವು. ಎದುರಿಗೆ ಯಾರೂ ಇಲ್ಲದ್ದರಿಂದ ಮುಜುಗರದ ವಿಷಯದಲ್ಲಿ ಜನ ಹೆಚ್ಚು ನಿಜ ಹೇಳುತ್ತಾರೆ ಎಂಬುದು ಈ ಗುಂಪಿನ ಹೆಗ್ಗಳಿಕೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳ ಹಳ್ಳಿ–ತಾಂಡಾಗಳಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ.

2011ರ ಜನಗಣತಿಯಂತೆ ಜಿಲ್ಲೆಯ ಸಾಕ್ಷರತೆ ಸುಮಾರು ಶೇ 65, ಹೆಂಗಸರದು ಸುಮಾರು ಶೇ 55. ಆನ್‌ಲೈನ್ ನಮೂನೆ ಇಲ್ಲಿ ಹೇಗೆ ತುಂಬುತ್ತದೆ ಎಂಬುದಕ್ಕೆ ಬೇರೆ ಕಡೆ ಸಾಕ್ಷಿ ಹುಡುಕಬೇಕಿಲ್ಲ. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ನಡೆದದ್ದು ಗ್ರಾಮ ಒನ್, ಬಾಪೂಜಿ ಸೇವಾ ಕೇಂದ್ರಗಳ ಮೂಲಕ. ದಾಖಲೆಯ ಲೆಕ್ಕದಲ್ಲಿ ಅದು ಆನ್‌ಲೈನ್. ನಡೆದ ರೀತಿ ನೋಡಿದರೆ ಆಧಾರ್ ಮತ್ತು ರೇಷನ್ ಕಾರ್ಡ್ ಹಿಡಿದು ಸರದಿಯಲ್ಲಿ ನಿಂತ ಹೆಂಗಸು ಹೇಳಿದಳು, ಕೌಂಟರಿನ ಆಚೆ ಕೂತವನು ಕೀಲಿ ಒತ್ತಿದ. ಸಮೀಕ್ಷೆಯ ನಮೂನೆಯೂ ಇದೇ ದಾರಿ ಹಿಡಿಯುತ್ತದೆ, ಇಲ್ಲವೇ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುವ ಮಗನ ಮೊಬೈಲಿಗೆ ಹೋಗುತ್ತದೆ. ಎರಡರಲ್ಲೂ ತುಂಬುವ ಕೈ ಬೇರೆಯವರದು. ಆ ಕೈಗೆ ತರಬೇತಿಯಿಲ್ಲ, ಅದರ ಹೆಸರು ಯಾವ ಕಾಲಂನಲ್ಲೂ ಇಲ್ಲ. ಸಮೀಕ್ಷಕನಿಂದ ಆಗುವ ದೋಷಕ್ಕೆ ಲೆಕ್ಕವಾದರೂ ಇದೆ. ಈ ಅಜ್ಞಾತ ಸಹಾಯಕನಿಂದ ಆಗುವ ದೋಷಕ್ಕೆ ಅದೂ ಇಲ್ಲ.

ಒಂದೇ ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ವ್ಯಾಖ್ಯೆಯಲ್ಲಿ ಕುಟುಂಬವೆಂದರೆ ಸಾಮಾನ್ಯವಾಗಿ ಒಟ್ಟಿಗೆ ವಾಸಿಸಿ ಒಂದೇ ಒಲೆಯಲ್ಲಿ ಉಣ್ಣುವವರು. ಚಿಂಚೋಳಿ ತಾಲೂಕಿನ ತಾಂಡಾವೊಂದರಲ್ಲಿ ಎಷ್ಟು ಜನ ಇದ್ದೀರಿ ಎಂದರೆ ಬರುವ ಉತ್ತರ ಹೀಗಿರುತ್ತದೆ: ‘ಏಳು ಮಂದಿ ಅದೀವ್ರಿ, ನಾಕು ಮಂದಿ ದುಡಿಲಾಕ ಪುಣೇಕ ಹೋಗ್ಯಾರ.’ ಹೋದದ್ದು ಯಾವಾಗ, ಮಳೆಗಾಲಕ್ಕೆ ಬಿತ್ತಲು ಬರುತ್ತಾರೋ, ಅಲ್ಲೇ ಒಲೆ ಹೂಡಿದ್ದಾರೋ ಎಂದು ಎದುರು ಕೂತು ಕೇಳಿದ ಮೇಲಷ್ಟೇ ಏಳು ಬರೆಯಬೇಕೋ ಮೂರು ಬರೆಯಬೇಕೋ ತಿಳಿಯುವುದು. ಆನ್‌ಲೈನ್ ನಮೂನೆಯಲ್ಲಿ ಆ ಜಾಗಕ್ಕೆ ರೇಷನ್ ಕಾರ್ಡಿನಲ್ಲಿರುವ ಸಂಖ್ಯೆ ಬಂದು ಕೂರುತ್ತದೆ. ತೊಗರಿ ರಾಶಿಗೆ ತಿಂಗಳುಗಟ್ಟಲೆ ಸ್ವಂತ ಹೊಲದಲ್ಲಿ ದುಡಿದ ಹೆಣ್ಣುಮಗಳ ಉದ್ಯೋಗದ ಕಾಲಂನದೂ ಇದೇ ಕಥೆ. ವರ್ಷದಲ್ಲಿ 30 ದಿನ ದುಡಿದಿದ್ದರೂ ಕೇಂದ್ರ ಸರ್ಕಾರದ ಆವರ್ತಕ ಶ್ರಮಶಕ್ತಿ ಸಮೀಕ್ಷೆ ಅವಳನ್ನು ಪೂರಕ ಉದ್ಯೋಗದಲ್ಲಿ ಸೇರಿಸುತ್ತದೆ. ಆದರೆ ಮಗ ತುಂಬಿದರೆ ಅವಳು ‘ಮನೆಗೆಲಸ’ ಆಗಿಬಿಡುತ್ತಾಳೆ.

ಕರ್ನಾಟಕದ ಇತ್ತೀಚಿನ ಎರಡು ಸಮೀಕ್ಷೆಗಳು ಅಮೆರಿಕದ ಕ್ರಮವನ್ನು ತಿರುವುಮುರುವು ಮಾಡಿದವು. ಪರಿಶಿಷ್ಟ ಜಾತಿಗಳ ಒಳಮೀಸಲಾತಿಗಾಗಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ 2025ರ ಮೇ 5ರಿಂದ ನಡೆಸಿದ ಸಮೀಕ್ಷೆಯಲ್ಲಿ ಮೊದಲು ಮನೆಮನೆ ಭೇಟಿ, ನಂತರ ವಿಶೇಷ ಶಿಬಿರ, ಅದರೊಂದಿಗೆ ಆನ್‌ಲೈನ್ ಸ್ವಯಂ ಘೋಷಣೆ. ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗ ನಡೆಸಿದ 60 ಪ್ರಶ್ನೆಗಳ ಸಮೀಕ್ಷೆಯಲ್ಲೂ ಶಿಕ್ಷಕರು ಆ್ಯಪ್ ಹಿಡಿದು ಮನೆಗೆ ಬಂದರು. ಭೇಟಿಯ ಅವಧಿ ಮುಗಿದ ಮೇಲೂ ಆನ್‌ಲೈನ್ ಅವಕಾಶ ಉಳಿದಿತ್ತು. ಅಮೆರಿಕದಲ್ಲಿ ಕೊನೆಗೆ ಉಳಿಯುವವರು ಮನುಷ್ಯರೇ ಹೋಗಿ ಮಾತಾಡಿಸಬೇಕಾದವರು. ಇಲ್ಲಿ ಕೊನೆಗೆ ಉಳಿದವರಲ್ಲಿ ಆನ್‌ಲೈನಿಗೆ ಬರಬಲ್ಲವರು ಊರು ಬಿಟ್ಟವರು ಮತ್ತು ಪಟ್ಟಣದ ಓದಿದವರು. ಆದ್ದರಿಂದ ಅಲ್ಲಿನ ತೂಕ ಹೊಂದಾಣಿಕೆಯನ್ನು ಇಲ್ಲಿಗೆ ಹಾಗೇ ತಂದರೆ ಆಯ್ಕೆಯ ಓರೆ ಸರಿಹೋಗುವ ಬದಲು ಇನ್ನೂ ಹೆಚ್ಚಬಹುದು.

ಇದರ ಆಧಾರದ ಮೇಲೆ ನಾನು ಹೇಳುವುದಿಷ್ಟು: ಈ ತಾಲೂಕುಗಳ ಗ್ರಾಮೀಣ ಭಾಗದಲ್ಲಿ ಕುಟುಂಬ ಸಮೀಕ್ಷೆಗಳಿಗೆ ಮೊದಲ ಭೇಟಿ ಮುಖಾಮುಖಿಯೇ ಆಗಬೇಕು, ಫೋನ್ ಮರುಭೇಟಿಗೆ ಮೀಸಲಾಗಬೇಕು, ಆನ್‌ಲೈನ್ ಉತ್ತರದೊಂದಿಗೆ ‘ತುಂಬಿದವರು ಯಾರು, ಎಲ್ಲಿ’ ಎಂಬ ಕಾಲಂ ಕಡ್ಡಾಯವಾಗಬೇಕು. ಇದಕ್ಕೆ ಮಿತಿಗಳಿವೆ. ಮೊದಲನೆಯದಾಗಿ, ಇದು ಕುಟುಂಬದ ಸದಸ್ಯರು, ಉದ್ಯೋಗ, ಬಳಕೆ ಇಂಥ ಕೆದಕಿ ಕೇಳಬೇಕಾದ ಪ್ರಶ್ನೆಗಳಿಗೆ ಸಂಬಂಧಿಸಿದ ಮಾತು. ಸಾಲ, ಆದಾಯದ ಪ್ರಶ್ನೆಯನ್ನು ಊರಿನ ಶಾಲೆಯ ಮಾಸ್ತರರೇ ಕೇಳಿದಾಗ ಉತ್ತರ ಬಿಗಿಯಾಗುವುದು ಸಹಜ. ಅಲ್ಲಿ ಡಿ ಲೀವ್ ಹೇಳುವುದೇ ಸರಿ ಇರಬಹುದು. ಎರಡನೆಯದಾಗಿ, ಮುಖಾಮುಖಿಗೂ ಅಡ್ಡಿಗಳಿವೆ. 2025ರ ಸೆಪ್ಟೆಂಬರ್ ಕೊನೆಗೆ ಭೀಮಾ, ಕಾಗಿಣಾ ನದಿಗಳು ಉಕ್ಕಿ ಹರಿದದ್ದು ಸರಿಯಾಗಿ ಸಮೀಕ್ಷೆಯ ದಿನಗಳಲ್ಲೇ. ವಿದ್ಯುತ್ ಮೀಟರಿನ ಆರ್‌ಆರ್ ಸಂಖ್ಯೆ ಹಿಡಿದು ಮನೆ ಗುರುತಿಸಿದಾಗ, ಒಂದೇ ಮೀಟರಿನ ಕೆಳಗೆ ಅಣ್ಣತಮ್ಮಂದಿರ ಎರಡು ಒಲೆ ಇದ್ದರೆ ಎರಡನೆಯದು ತಪ್ಪಿಹೋಗುವ ಸಂಭವವಿದೆ. ಮೂರನೆಯದಾಗಿ, ಗುಳೆ ಹೋದವರ ಫೋನ್ ಸಂಖ್ಯೆ ಊರಲ್ಲಿರುವವರಿಂದ ಸಿಕ್ಕರೆ ಮಾತ್ರ ಫೋನ್ ವಿಧಾನ ಕೆಲಸಕ್ಕೆ ಬರುತ್ತದೆ. 2020ರ ಮಾರ್ಚ್‌ನಲ್ಲಿ ಕ್ಷೇತ್ರಕಾರ್ಯ ನಿಂತಾಗ ಶ್ರಮಶಕ್ತಿ ಸಮೀಕ್ಷೆಯ ಮರುಭೇಟಿಗಳನ್ನು ಬಹುಪಾಲು ಫೋನಿನಲ್ಲಿ ಮುಗಿಸಲು ಆದದ್ದು, ಮೊದಲ ಭೇಟಿಯಲ್ಲೇ ಆ ಮನೆಗಳ ಪರಿಚಯ ಆಗಿದ್ದರಿಂದ.

ಉದ್ದಿಮೆಗಳ ವಿಷಯ ಪೂರ್ತಿ ಬೇರೆ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಂಥವು ವಾರ್ಷಿಕ ಕೈಗಾರಿಕಾ ಸಮೀಕ್ಷೆಗೆ ಆನ್‌ಲೈನಿನಲ್ಲಿ ತಾವೇ ಉತ್ತರಿಸಬಲ್ಲವು. ಲೆಕ್ಕಪುಸ್ತಕ ಇರುವುದರಿಂದ ಅಲ್ಲಿ ಸ್ವಯಂ ಭರ್ತಿ ನಿಜವಾಗಿಯೂ ಸ್ವಯಂ ಭರ್ತಿ. ಶಹಾಬಾದ್ ಕಲ್ಲಿನ ಸಣ್ಣ ಪಾಲಿಶ್ ಘಟಕದಲ್ಲಿ ಆಳುಗಳು ತೀರ ಕಡಿಮೆಯಿದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಕಾರ್ಖಾನೆಯಾಗದೆ ಹೊರಗೆ ಉಳಿಯುತ್ತದೆ. ಅಂಥ ಕಡೆ ಟ್ಯಾಬ್ ಹಿಡಿದ ಸಮೀಕ್ಷಕನೇ ಹೋಗಬೇಕು.

ನನ್ನ ವಾದ ಸರಿಯೇ ಎಂದು ಪರೀಕ್ಷಿಸಲು ಹೊಸ ಉಪಕರಣ ಬೇಕಿಲ್ಲ. ಪ್ರಶಾಂತಚಂದ್ರ ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆ ಸಮೀಕ್ಷೆಯ ಕಾಲದಿಂದ ಬೆಳೆಸಿದ ಪರಸ್ಪರ ಹೆಣೆದ ಉಪಮಾದರಿಗಳ ಪದ್ಧತಿ ಇದೆ: ಒಂದೇ ಪ್ರದೇಶದಿಂದ ಸ್ವತಂತ್ರವಾಗಿ ಆರಿಸಿದ ಎರಡು ಉಪಮಾದರಿಗಳನ್ನು ಬೇರೆ ಬೇರೆ ತಂಡಗಳಿಗೆ ಕೊಟ್ಟು, ಎರಡರ ಅಂತರದಿಂದ ಕೆಲಸದ ದೋಷ ಅಳೆಯುವುದು. ತಂಡದ ಜಾಗದಲ್ಲಿ ವಿಧಾನವನ್ನು ಇಟ್ಟರೆ ಸಾಕು. ಯಾರು ಆನ್‌ಲೈನ್ ಆರಿಸಿಕೊಂಡರು ಎಂಬ ಆಯ್ಕೆಯ ಪರಿಣಾಮವನ್ನೂ ವಿಧಾನ ಉತ್ತರವನ್ನು ಹೇಗೆ ಬದಲಿಸಿತು ಎಂಬ ಅಳತೆಯ ಪರಿಣಾಮವನ್ನೂ ಬೇರ್ಪಡಿಸಲು ಯಾದೃಚ್ಛಿಕ ಹಂಚಿಕೆಯಷ್ಟು ನೇರವಾದ ದಾರಿ ಇನ್ನೊಂದಿಲ್ಲ. 2025ರ ಜನವರಿಯಿಂದ ಶ್ರಮಶಕ್ತಿ ಸಮೀಕ್ಷೆ ಜಿಲ್ಲೆಯನ್ನೇ ಮೂಲ ಘಟಕವಾಗಿ ಇಟ್ಟುಕೊಂಡಿರುವುದರಿಂದ ಇಂಥ ಪ್ರಯೋಗಕ್ಕೆ ಕಲಬುರಗಿಯಲ್ಲೇ ಚೌಕಟ್ಟು ಸಿಗುತ್ತದೆ.

ಎರಡು ಪ್ರಶ್ನೆಗಳನ್ನು ಈ ಲೇಖನ ಬಗೆಹರಿಸಿಲ್ಲ. ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಮನೆಗಳಲ್ಲಿ ಸಮೀಕ್ಷಕನ ಭಾಷೆ ತಾನೇ ಒಂದು ವಿಧಾನದಷ್ಟು ವ್ಯತ್ಯಾಸ ಉಂಟುಮಾಡುತ್ತದೆಯೇ ಎಂಬುದು ಒಂದು. ಇನ್ನೊಂದು, ವಾಡಿಯ ರೈಲ್ವೆ ಮತ್ತು ಸಿಮೆಂಟ್ ಕಾಲೊನಿಗಳಲ್ಲಿ, ಶಹಾಬಾದ್ ಪಟ್ಟಣದಲ್ಲಿ ಆನ್‌ಲೈನ್ ಮೊದಲೆಂಬ ಕ್ರಮವೇ ಸರಿಹೋಗಬಹುದು. ಆ ಗೆರೆಯನ್ನು ವಾರ್ಡಿನ ಮಟ್ಟದಲ್ಲಿ ಎಲ್ಲಿ ಎಳೆಯಬೇಕೆಂಬುದನ್ನು ಮೇಲೆ ಹೇಳಿದ ಪ್ರಯೋಗ ನಡೆಸಿಯೇ ತಿಳಿಯಬೇಕು.