ಹದಿನೆಂಟು ವಾದಕರ ಮೇಳ: ಬಾಯ್ಡ್ ನೀಲ್ ವಾದ್ಯವೃಂದ

ವಾದ್ಯವೃಂದದ ಚರಿತ್ರೆ ಬರೆಯಹೊರಟವರು ಬಹುಮಟ್ಟಿಗೆ ಅದರ ನಿರ್ದೇಶಕರ ಚರಿತ್ರೆಯನ್ನೇ ಬರೆದು ಮುಗಿಸುತ್ತಾರೆ. ವಾದಕರು ಬರಹದ ಅಂಚಿನಲ್ಲಿ ಉಳಿಯುತ್ತಾರೆ. ಸ್ಥಾಪಕರ ಹೆಸರನ್ನೇ ಹೊತ್ತಿದ್ದ ಲಂಡನ್ನಿನ ಬಾಯ್ಡ್ ನೀಲ್ ವಾದ್ಯವೃಂದದ ವಿಷಯದಲ್ಲಿ ಈ ಅಪಾಯ ಹೆಚ್ಚು. ಆದರೆ ಆ ಮೇಳಕ್ಕೆಂದೇ ರಚಿತವಾದ ಎರಡು ಕೃತಿಗಳನ್ನು ಪರಿಶೀಲಿಸಿದಾಗ ಬೇರೆಯೇ ಚಿತ್ರ ದೊರೆಯುತ್ತದೆ.

ಲೂಯಿಸ್ ಬಾಯ್ಡ್ ನೀಲ್ (1905–1981) ವೃತ್ತಿಯಿಂದ ವೈದ್ಯರು. ತರುಣ ವಾದಕರನ್ನು ಕೂಡಿಸಿ ಅವರು ಕಟ್ಟಿದ ತಂತಿವಾದ್ಯಗಳ ಮೇಳ 1933ರ ಜೂನ್ 22ರಂದು ಇಯೋಲಿಯನ್ ಹಾಲ್‌ನಲ್ಲಿ ಮೊದಲ ಕಛೇರಿ ನೀಡಿತು. ಅದೇ ರಾತ್ರಿ ಅವರು ಒಂದು ಹೆರಿಗೆಯನ್ನೂ ಮಾಡಿಸಿದರೆಂಬ ಕಥೆ ಪ್ರಚಲಿತವಾಗಿದೆ. ಸ್ಥಾಪಕರ ಸುತ್ತ ಇಂತಹ ಕಥೆಗಳು ಹಬ್ಬುವುದು ಜಾನಪದ ವಿದ್ವಾಂಸರಿಗೆ ಹೊಸದಲ್ಲ. ಮೈಸೂರು ಅರಮನೆಯ ವಾದ್ಯವೃಂದಗಳಿಗಿದ್ದಂತಹ ರಾಜಾಶ್ರಯ ಈ ಮೇಳಕ್ಕಿರಲಿಲ್ಲ. ಕಛೇರಿಗಳು, ರೇಡಿಯೋ ಪ್ರಸಾರ ಮತ್ತು ಡೆಕ್ಕಾ ಸಂಸ್ಥೆಯ ಧ್ವನಿಮುದ್ರಿಕೆಗಳೇ ಅದರ ಆಸರೆ.

1937ರ ಸಾಲ್ಜ್‌ಬರ್ಗ್ ಉತ್ಸವಕ್ಕೆ ಮೇಳಕ್ಕೆ ಕರೆ ಬಂದಿತು. ಹೊಸದೊಂದು ಇಂಗ್ಲಿಷ್ ಕೃತಿಯನ್ನು ನುಡಿಸಬೇಕೆಂಬುದು ನಿಬಂಧನೆ. ಉಳಿದಿದ್ದುದು ಕೆಲವೇ ತಿಂಗಳು. ಇಪ್ಪತ್ತಮೂರು ವರ್ಷದ ಬೆಂಜಮಿನ್ ಬ್ರಿಟನ್ನರ ಬರವಣಿಗೆಯ ವೇಗವನ್ನು ಚಲನಚಿತ್ರವೊಂದರ ಸಂಗೀತದ ಸಂದರ್ಭದಲ್ಲಿ ಕಂಡಿದ್ದ ನೀಲ್ ಅವರನ್ನೇ ಕೇಳಿದರು. ಬ್ರಿಟನ್ ತಮ್ಮ ಗುರು ಫ್ರಾಂಕ್ ಬ್ರಿಜ್ಜರ ರಾಗಖಂಡವೊಂದನ್ನು ಆಧರಿಸಿ ಮಾರ್ಪುಗಳ ಮಾಲೆಯೊಂದನ್ನು ರಚಿಸಿಕೊಟ್ಟರು. ಆಗಸ್ಟ್ 27ರಂದು ಸಾಲ್ಜ್‌ಬರ್ಗ್‌ನಲ್ಲಿ ಅದರ ಪ್ರದರ್ಶನವಾಯಿತು. ನಡಿಗೆಯ ಗತ್ತು, ವಿಯೆನ್ನಾದ ವಾಲ್ಟ್ಸ್, ಶವಯಾತ್ರೆಯ ಗಾಂಭೀರ್ಯ ಎಲ್ಲವೂ ಅದರಲ್ಲಿವೆ. ಇಟಲಿಯ ಗೀತೆಯನ್ನು ಅಣಕಿಸುವ ಭಾಗದಲ್ಲಿ ಪಿಟೀಲುಗಾರರು ಕಮಾನನ್ನು ಬಿಟ್ಟು ತಂತಿಗಳನ್ನು ಗಿಟಾರಿನಂತೆ ಮೀಟುತ್ತಾರೆ. ವಾದಕರ ಸಾಮರ್ಥ್ಯದಲ್ಲಿ ನಂಬಿಕೆಯಿಲ್ಲದೆ ಇಷ್ಟು ಕಡಿಮೆ ಅವಧಿಯಲ್ಲಿ ಇಂತಹ ಕೃತಿಯನ್ನು ಅವರ ಮುಂದಿಡುವುದು ಸಾಧ್ಯವಿರಲಿಲ್ಲ.

ಯುದ್ಧ ಬಂದಾಗ ನೀಲ್ ವೈದ್ಯವೃತ್ತಿಗೆ ಮರಳಿದರು. ಆದರೂ 1943ರಲ್ಲಿ ಮೇಳದ ದಶಮಾನೋತ್ಸವ ನಡೆಯಿತು. ಅದಕ್ಕಾಗಿ ಬ್ರಿಟನ್ ರಚಿಸಿದ ಪ್ರಿಲ್ಯೂಡ್ ಮತ್ತು ಫ್ಯೂಗ್ ಜೂನ್ 23ರಂದು ವಿಗ್ಮೋರ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದಿತು. ಹತ್ತು ಪಿಟೀಲು, ಮೂರು ವಯೋಲಾ, ಮೂರು ಚೆಲ್ಲೊ, ಎರಡು ಡಬಲ್ ಬೇಸ್: ಒಟ್ಟು ಹದಿನೆಂಟು ವಾದ್ಯಗಳು, ಹದಿನೆಂಟೂ ಬೇರೆ ಬೇರೆ ಸಾಲುಗಳು. ದೊಡ್ಡ ಸಿಂಫನಿ ವೃಂದದಲ್ಲಿ ಹಲವರು ಒಂದೇ ಸಾಲನ್ನು ನುಡಿಸುವುದರಿಂದ ಒಬ್ಬನ ಅಪಸ್ವರ ಗುಂಪಿನಲ್ಲಿ ಮುಚ್ಚಿಹೋದೀತು. ಇಲ್ಲಿ ಆ ಮರೆಯಿಲ್ಲ. ಫ್ಯೂಗಿನಲ್ಲಿ ಒಂದೇ ವಸ್ತುವನ್ನು ಎತ್ತಿಕೊಂಡು ದನಿಗಳು ಒಂದರ ಹಿಂದೊಂದು ಪ್ರವೇಶಿಸುತ್ತವೆ. ನನ್ನ ದೃಷ್ಟಿಯಲ್ಲಿ ಇದು ಸಂಗೀತಕೃತಿಯಷ್ಟೇ ಅಲ್ಲ, ಮೇಳದ ಹಾಜರಿಪಟ್ಟಿಯೂ ಹೌದು. ನಿರ್ದೇಶಕರ ಹೆಸರಿನ ಹಿಂದೆ ಮರೆಯಾದವರಿಗೆ ಸಂದ ಲಿಖಿತ ಗೌರವ.

1947ರಲ್ಲಿ ಮೇಳ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸಂಚರಿಸಿತು. 1953ರಲ್ಲಿ ನೀಲ್ ಟೊರಾಂಟೊದ ರಾಯಲ್ ಕನ್ಸರ್ವೇಟರಿಯ ಡೀನ್ ಆಗಿ ಕೆನಡಾಕ್ಕೆ ತೆರಳಿದರು. ನಮ್ಮ ಯಕ್ಷಗಾನ ಮೇಳಗಳಲ್ಲಿ ಹಲವು ಕ್ಷೇತ್ರದ ಹೆಸರಿನವು. ಭಾಗವತರು ಬದಲಾದರೂ ಮಂದಾರ್ತಿ ಮೇಳ ಮಂದಾರ್ತಿ ಮೇಳವೇ. ವ್ಯಕ್ತಿಯ ಹೆಸರಿನ ಮೇಳಕ್ಕೆ ಆ ಅನುಕೂಲವಿಲ್ಲ. ಲಂಡನ್ನಿನಲ್ಲಿ ಉಳಿದ ವೃಂದ 1957ರಲ್ಲಿ, ಥರ್ಸ್ಟನ್ ಡಾರ್ಟ್ ಅವರ ನೇತೃತ್ವದಲ್ಲಿ, ಫಿಲೊಮ್ಯೂಸಿಕಾ ಆಫ್ ಲಂಡನ್ ಎಂಬ ಹೆಸರು ತಳೆಯಿತು. ಅಷ್ಟರಲ್ಲಿ ನೀಲ್ 1954ರಲ್ಲಿಯೇ ಟೊರಾಂಟೊದಲ್ಲಿ ಹಾರ್ಟ್ ಹೌಸ್ ವಾದ್ಯವೃಂದವನ್ನು ಕಟ್ಟಿದ್ದರು. ಈ ಬಾರಿ ಮೇಳಕ್ಕೆ ಬಂದದ್ದು ಸ್ಥಳದ ಹೆಸರು.